ಮುಗಿಯದ ಉರಿಯೂತ ಮತ್ತು ನಮ್ಮ ವಂಶವಾಹಿಗಳು

ಉಡುಪಿಯಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪವಿದು. ಸಮಯ ಸಾಲದೆ ಅಂದು ಮೊಟಕುಗೊಳಿಸಿದ್ದ ಕೆಲವು ಭಾಗಗಳನ್ನು ಇಲ್ಲಿ ವಿಸ್ತರಿಸಿದ್ದೇನೆ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ. ಹೃದಯಾಘಾತ, ಸಕ್ಕರೆ ಕಾಯಿಲೆ, ಸಂಧಿವಾತ, ಸೋರಿಯಾಸಿಸ್, ಕುಷ್ಠ, ಆನೆಕಾಲು ರೋಗ ಇವುಗಳಿಗೆ ಚಿಕಿತ್ಸೆ ನೀಡುವ ವೈದ್ಯರು ಬೇರೆ ಬೇರೆ. ಆಸ್ಪತ್ರೆಯಲ್ಲಿ ಇವುಗಳ ವಿಭಾಗಗಳೂ ಬೇರೆ ಬೇರೆ. ಆದರೆ ರೋಗ ತಗಲಿದ ಅಂಗಾಂಶದ ತೆಳುವಾದ ಪದರಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ನನ್ನಂಥ ರೋಗಶಾಸ್ತ್ರದ ಶಿಕ್ಷಕನಿಗೆ ಇವೆಲ್ಲವುಗಳಲ್ಲಿಯೂ ಕಾಣಸಿಗುವುದು ಹೆಚ್ಚುಕಡಿಮೆ ಅವೇ ಜೀವಕೋಶಗಳು: ರೋಗಾಣುಗಳನ್ನೂ ಸತ್ತ ಕೋಶಗಳನ್ನೂ ನುಂಗುವ ಮ್ಯಾಕ್ರೋಫೇಜ್‌ಗಳು, ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು, ಹೊಸದಾಗಿ ಹುಟ್ಟಿಕೊಂಡ ಸಣ್ಣ ರಕ್ತನಾಳಗಳು ಮತ್ತು ಅವುಗಳ ನಡುವೆ ಹಬ್ಬುತ್ತಿರುವ ನಾರಿನಂಥ ಕಲೆಯ ಅಂಗಾಂಶ. ದೀರ್ಘಕಾಲದ ಉರಿಯೂತ ಎಂದು ನಾವು ಕರೆಯುವುದು ಇದನ್ನೇ. ಇಂದು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ವಿಷಯ. ಉರಿಯೂತವನ್ನು ಆರಂಭಿಸಲು ದೇಹದಲ್ಲಿ ಎಷ್ಟು ವ್ಯವಸ್ಥೆಯಿದೆಯೋ ಅದನ್ನು ಮುಗಿಸಲೂ ಅಷ್ಟೇ ವ್ಯವಸ್ಥೆಯಿದೆ. ಆ ಮುಗಿಸುವ ಕೆಲಸ ಎಲ್ಲಿ, ಯಾರಲ್ಲಿ, ಯಾಕೆ ತಪ್ಪುತ್ತದೆ ಎಂದು ಹುಡುಕಿದರೆ ಮಾತ್ರ ಈ ಕಾಯಿಲೆಗಳು ಅರ್ಥವಾಗುತ್ತವೆ. ವಂಶವಾಹಿಗಳ ಪ್ರಶ್ನೆ ಏಳುವುದೂ ಅಲ್ಲಿಯೇ.

ಮೊದಲು ಸರಿಯಾಗಿ ನಡೆಯುವ ಉರಿಯೂತವನ್ನು ನೋಡೋಣ. ಮಲ್ಪೆ ಬಂದರಿನಲ್ಲಿ ಮೀನು ಬೇರ್ಪಡಿಸುತ್ತಿರುವ ಮಹಿಳೆಯೊಬ್ಬರ ಬೆರಳಿಗೆ ಮುಳ್ಳು ಚುಚ್ಚಿತೆಂದು ಇಟ್ಟುಕೊಳ್ಳಿ. ಮುಳ್ಳಿನ ಜೊತೆಗೆ ಬ್ಯಾಕ್ಟೀರಿಯಾಗಳೂ ಒಳಹೊಕ್ಕಿರುತ್ತವೆ. ಚರ್ಮದಡಿಯ ಮಾಸ್ಟ್ ಕೋಶಗಳು ಕೆಲವೇ ನಿಮಿಷಗಳಲ್ಲಿ ಹಿಸ್ಟಮಿನ್ ಬಿಡುಗಡೆ ಮಾಡುತ್ತವೆ. ಸುತ್ತಲಿನ ರಕ್ತನಾಳಗಳು ಹಿಗ್ಗಿ ಬೆರಳು ಕೆಂಪಾಗಿ ಬಿಸಿಯಾಗುತ್ತದೆ, ನಾಳದ ಗೋಡೆಯ ಕೋಶಗಳ ನಡುವಿನ ಸಂದುಗಳು ತೆರೆದುಕೊಂಡು ರಕ್ತದ ದ್ರವ ಹೊರಗೆ ಜಿನುಗಿ ಬೆರಳು ಊದಿಕೊಳ್ಳುತ್ತದೆ. ಮುಂದಿನ ಕೆಲವು ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬರುತ್ತವೆ. ಅವು ಮೊದಲು ನಾಳದ ಒಳಗೋಡೆಗೆ ಸಡಿಲವಾಗಿ ಅಂಟಿ ಉರುಳುತ್ತವೆ, ಆಮೇಲೆ ಗಟ್ಟಿಯಾಗಿ ಹಿಡಿದು ನಿಲ್ಲುತ್ತವೆ, ಕೊನೆಗೆ ಎರಡು ಕೋಶಗಳ ನಡುವಿನಿಂದ ಮೈ ಹಿಂಡಿಕೊಂಡು ಹೊರಬಂದು ಮುಳ್ಳಿನ ಕಡೆಗೆ ತೆವಳುತ್ತವೆ. ನಮ್ಮ ಅಸ್ಥಿಮಜ್ಜೆ ದಿನವೊಂದಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ಅವುಗಳ ಆಯುಸ್ಸು ತೀರಾ ಕಡಿಮೆ. ಬ್ಯಾಕ್ಟೀರಿಯಾಗಳನ್ನು ನುಂಗಿ, ತಮ್ಮಲ್ಲಿರುವ ಕಿಣ್ವಗಳನ್ನು ಸುರಿದು ಅವು ಅಲ್ಲಿಯೇ ಸಾಯುತ್ತವೆ. ನಾವು ಕೀವು ಎನ್ನುವುದರ ಬಹುಭಾಗ ಹೀಗೆ ಸತ್ತ ನ್ಯೂಟ್ರೋಫಿಲ್‌ಗಳೇ.

ಇದನ್ನು ಮೊದಲು ಕಣ್ಣಾರೆ ಕಂಡವರಲ್ಲಿ ಪ್ರಮುಖರು ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಅವರು ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಮುಳ್ಳು ಚುಚ್ಚಿಟ್ಟರು; ಮರುದಿನ ನೋಡಿದಾಗ ಚಲಿಸುವ ಕೋಶಗಳು ಮುಳ್ಳನ್ನು ಸುತ್ತುವರಿದಿದ್ದವು. 1908ರಲ್ಲಿ ಪಾಲ್ ಎರ್ಲಿಕ್ ಅವರೊಂದಿಗೆ ಮೆಚ್ನಿಕಾಫ್ ನೊಬೆಲ್ ಪ್ರಶಸ್ತಿ ಪಡೆದರು. ಆದರೆ ಹೊರಗಿನ ವಸ್ತು ಬಂದಿದೆಯೆಂಬುದು ಕೋಶಕ್ಕೆ ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಟೋಲ್ ಎಂಬ ವಂಶವಾಹಿ ಕೆಟ್ಟ ಹಣ್ಣುನೊಣಗಳು ಶಿಲೀಂಧ್ರದ ಸೋಂಕಿಗೆ ಸಿಕ್ಕಿ ಸಾಯುತ್ತವೆ ಎಂದು ಜೂಲ್ಸ್ ಹಾಫ್‌ಮನ್ ಅವರ ತಂಡ 1996ರಲ್ಲಿ ತೋರಿಸಿತು. ಅದೇ ಬಗೆಯ ವಂಶವಾಹಿಯೊಂದು ಇಲಿಯಲ್ಲಿ ಬ್ಯಾಕ್ಟೀರಿಯಾದ ಹೊರಕವಚವನ್ನು ಗುರುತಿಸುತ್ತದೆ ಎಂದು ಬ್ರೂಸ್ ಬ್ಯೂಟ್ಲರ್ ಅವರ ತಂಡ 1998ರಲ್ಲಿ ಕಂಡುಕೊಂಡಿತು. 2011ರ ನೊಬೆಲ್ ಪ್ರಶಸ್ತಿಯ ಒಂದು ಪಾಲು ಈ ಇಬ್ಬರದು. ಕೋಶದ ಮೇಲ್ಮೈಯಲ್ಲಿದ್ದು ಸುದ್ದಿ ಹಿಡಿಯುವ ಇಂಥ ಗ್ರಾಹಕ ಪ್ರೋಟೀನಿಗೆ ಬ್ಯಾಕ್ಟೀರಿಯಾದ ತುಣುಕು ತಗಲಿದೊಡನೆ ಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಬಂಧನದಿಂದ ಬಿಡಿಸಿಕೊಂಡು ಕೋಶಕೇಂದ್ರವನ್ನು ಸೇರಿ, ಉರಿಯೂತಕ್ಕೆ ಬೇಕಾದ ನೂರಾರು ವಂಶವಾಹಿಗಳನ್ನು ಎಚ್ಚರಿಸುತ್ತದೆ. 1986ರಲ್ಲಿ ಇದನ್ನು ಗುರುತಿಸಿದವರು ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕಗಳು ತಯಾರಾಗುವುದು ಈ ಹಾದಿಯಲ್ಲಿಯೇ. ಮುಂದಿನ ಮಾತೆಲ್ಲ ಈ ಮೂರರ ಸುತ್ತಲೇ ಇರುವುದರಿಂದ ಇವುಗಳ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಿ.

ಈಗ ಬೆರಳಿಗೆ ಹಿಂದಿರುಗೋಣ. ಮೂರ್ನಾಲ್ಕು ದಿನಗಳಲ್ಲಿ ಊತ ಇಳಿದು, ಒಂದು ವಾರದಲ್ಲಿ ಗಾಯದ ಗುರುತೂ ಉಳಿಯದೆ ಹೋಗಬಹುದು. ಮುಳ್ಳು ಹೋಯಿತು, ಆದ್ದರಿಂದ ಉರಿಯೂತವೂ ತಾನಾಗಿ ತಣಿಯಿತು ಎಂದು ವೈದ್ಯಶಾಸ್ತ್ರ ಬಹುಕಾಲ ನಂಬಿತ್ತು. ಚಾರ್ಲ್ಸ್ ಸೆರ್ಹಾನ್ ಮತ್ತು ಇತರರ ಸಂಶೋಧನೆಗಳ ಬಳಿಕ ಈ ನಂಬಿಕೆ ಬದಲಾಗಿದೆ. ಉರಿಯೂತ ತಣಿಯುವುದು ದೇಹ ಪ್ರಯತ್ನಪೂರ್ವಕವಾಗಿ ಮಾಡುವ ಕೆಲಸ. ಆರಂಭದಲ್ಲಿ ಪ್ರೊಸ್ಟಗ್ಲಾಂಡಿನ್‌ಗಳನ್ನು ತಯಾರಿಸಿ ನೋವನ್ನೂ ಬಿಸಿಯನ್ನೂ ಉಂಟುಮಾಡಿದ ಕೊಬ್ಬಿನ ರಾಸಾಯನಿಕ ಹಾದಿಯೇ ಕೆಲವು ಗಂಟೆಗಳ ಬಳಿಕ ದಿಕ್ಕು ಬದಲಿಸಿ ಲಿಪಾಕ್ಸಿನ್, ರಿಸಾಲ್ವಿನ್ ಮುಂತಾದ ವಸ್ತುಗಳನ್ನು ತಯಾರಿಸತೊಡಗುತ್ತದೆ. ಇವು ಹೊಸ ನ್ಯೂಟ್ರೋಫಿಲ್‌ಗಳು ಬರುವುದನ್ನು ತಡೆದು, ಸತ್ತವುಗಳನ್ನು ಎತ್ತಿಹಾಕಲು ಮ್ಯಾಕ್ರೋಫೇಜ್‌ಗಳನ್ನು ಪ್ರಚೋದಿಸುತ್ತವೆ. ಸತ್ತ ನ್ಯೂಟ್ರೋಫಿಲ್ ಒಂದನ್ನು ನುಂಗಿದ ಮ್ಯಾಕ್ರೋಫೇಜ್ ತಾನೂ ಬದಲಾಗುತ್ತದೆ: ಟಿಎನ್‌ಎಫ್ ಕಡಿಮೆ ಮಾಡಿ, ಉರಿಯೂತವನ್ನು ತಗ್ಗಿಸುವ ಇಂಟರ್‌ಲ್ಯೂಕಿನ್-10ನ್ನು ಮತ್ತು ಗಾಯ ಮಾಯಿಸುವ ವಸ್ತುಗಳನ್ನು ಸ್ರವಿಸತೊಡಗುತ್ತದೆ. ಶುಚಿಗೊಳಿಸುವ ಕೆಲಸವೇ ನಿಲ್ಲಿಸುವ ಆಜ್ಞೆಯೂ ಆಗುವ ಈ ಏರ್ಪಾಟು, ನನ್ನ ಮಟ್ಟಿಗೆ, ಜೀವಶಾಸ್ತ್ರದಲ್ಲಿ ಕಾಣುವ ಅತ್ಯಂತ ಸೊಗಸಾದ ಸಂಗತಿಗಳಲ್ಲೊಂದು. ಅಂದಹಾಗೆ, ರಿಸಾಲ್ವಿನ್‌ಗಳು ತಯಾರಾಗುವ ಒಮೆಗಾ-3 ಕೊಬ್ಬಿನಾಮ್ಲಗಳು ನಮ್ಮ ಬಂಗುಡೆ, ಬೂತಾಯಿಗಳಲ್ಲಿ ಧಾರಾಳವಾಗಿವೆ. ಮೀನು ತಿಂದ ಮಾತ್ರಕ್ಕೆ ಸಂಧಿವಾತ ವಾಸಿಯಾಗುತ್ತದೆಂದು ಇದರ ಅರ್ಥವಲ್ಲ.

ಇಷ್ಟೆಲ್ಲ ವ್ಯವಸ್ಥೆಯಿದ್ದರೂ ಉರಿಯೂತ ಮುಗಿಯದೆ ವರ್ಷಗಟ್ಟಲೆ ಉಳಿಯುವುದೇಕೆ? ಕಾರಣವಾದ ವಸ್ತು ತೊಲಗದಿರುವುದು ಅತ್ಯಂತ ಸರಳವಾದ ಉತ್ತರ, ಮತ್ತು ಕರಾವಳಿಯವರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳು ಆನೆಕಾಲು ರೋಗವನ್ನು ಬಹುಕಾಲದಿಂದ ಕಂಡಿವೆ. ಕ್ಯೂಲೆಕ್ಸ್ ಸೊಳ್ಳೆಯಿಂದ ಹರಡುವ ವುಚೆರೇರಿಯಾ ಬ್ಯಾಂಕ್ರಾಫ್ಟೈ ಎಂಬ ದಾರದಂಥ ಹುಳು ನಮ್ಮ ದುಗ್ಧರಸ ನಾಳಗಳಲ್ಲಿ ಆರೆಂಟು ವರ್ಷ ಬದುಕಬಲ್ಲದು. ಆಶ್ಚರ್ಯವೆಂದರೆ, ಜೀವಂತ ಹುಳು ಇರುವಷ್ಟು ಕಾಲ ಹೆಚ್ಚಿನವರಲ್ಲಿ ಹೊರಗೆ ಏನೂ ಕಾಣಿಸುವುದಿಲ್ಲ; ಹುಳು ನಮ್ಮ ರೋಗನಿರೋಧಕ ವ್ಯವಸ್ಥೆಯ ತಡೆಗಳನ್ನೇ ಬಳಸಿಕೊಂಡು, ಇಂಟರ್‌ಲ್ಯೂಕಿನ್-10 ಹೆಚ್ಚುವಂತೆ ಮಾಡಿ ತನ್ನನ್ನು ಕಾಪಾಡಿಕೊಳ್ಳುತ್ತದೆ. ಹುಳು ಸತ್ತಾಗ ಅದರ ದೇಹದೊಳಗೆ ವಾಸವಾಗಿದ್ದ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾಗಳು ಹೊರಬಂದು ಟೋಲ್ ಬಗೆಯ ಗ್ರಾಹಕಗಳನ್ನು ಕೆರಳಿಸುತ್ತವೆ. ನಾಳಗಳು ಉರಿದು ಗಾಯಗೊಂಡು ಕವಾಟಗಳು ಕೆಲಸ ನಿಲ್ಲಿಸುತ್ತವೆ, ದುಗ್ಧರಸ ಕಾಲಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹುಳುವಿನ ಪಾತ್ರ ಕಡಿಮೆ. ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ನೆನೆದು ಬಿರಿದ ಬೆರಳುಸಂದಿಗಳಿಂದ ಸಾಮಾನ್ಯ ಬ್ಯಾಕ್ಟೀರಿಯಾಗಳು ಒಳಹೊಕ್ಕು, ಮತ್ತೆ ಮತ್ತೆ ಚಳಿಜ್ವರ ಮತ್ತು ಉರಿಯೂತ ಉಂಟುಮಾಡಿ, ಪ್ರತಿ ಸಲವೂ ಕಾಲನ್ನು ಇನ್ನಷ್ಟು ದಪ್ಪವಾಗಿಸುತ್ತವೆ. ದಿನಾಲೂ ಕಾಲನ್ನು ಸಾಬೂನು ಮತ್ತು ನೀರಿನಿಂದ ತೊಳೆದು, ಬೆರಳುಸಂದಿಗಳನ್ನು ಬಟ್ಟೆಯಿಂದ ಒತ್ತಿ ಒಣಗಿಸಿ, ಬಿರುಕಿಗೆ ಮುಲಾಮು ಹಚ್ಚುವುದರಿಂದ ಈ ಜ್ವರಗಳು ಗಮನಾರ್ಹವಾಗಿ ಕಡಿಮೆಯಾಗುತ್ತವೆ. ಮನೆಯಲ್ಲಿ ಇಂಥ ಹಿರಿಯರಿದ್ದರೆ ಈ ಮಾತನ್ನು ಅವರಿಗೆ ದಯವಿಟ್ಟು ತಲುಪಿಸಿ. ಇದಕ್ಕೆ ದುಬಾರಿ ಔಷಧವೇನೂ ಬೇಕಿಲ್ಲ.

ಎರಡನೆಯದು, ದೇಹದ ಸ್ವಂತ ಅಂಗಾಂಶವೇ ಗುರಿಯಾಗುವ ಸ್ಥಿತಿ. ರುಮಟಾಯ್ಡ್ ಸಂಧಿವಾತದಲ್ಲಿ ಕೀಲಿನ ಒಳಪೊರೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಆರೋಗ್ಯವಂತರಲ್ಲಿ ಆ ಪೊರೆಯ ಮೇಲ್ಪದರ ಒಂದೆರಡು ಕೋಶಗಳಷ್ಟು ದಪ್ಪ. ರೋಗವಿದ್ದಾಗ ಅದು ಹತ್ತಕ್ಕೂ ಹೆಚ್ಚು ಪದರಗಳಾಗಿ ಬೆಳೆದು, ಬೆರಳಿನಾಕಾರದ ಚಾಚುಗಳನ್ನು ಹೊರಡಿಸಿ, ಅಂಚಿನಲ್ಲಿ ಮೃದ್ವಸ್ಥಿಯ ಮೇಲೆ ಹಬ್ಬಿ ಎಲುಬನ್ನು ಕೊರೆಯುತ್ತದೆ. ಎಲುಬನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳು ಆ ಅಂಚಿನಲ್ಲಿ, ತಾವೇ ತೋಡಿದ ಸಣ್ಣ ಗುಳಿಗಳಲ್ಲಿ ಕುಳಿತಿರುವುದು ಸೂಕ್ಷ್ಮದರ್ಶಕದಡಿ ಕಾಣುತ್ತದೆ. ಟಿಎನ್‌ಎಫ್ ಒಂದನ್ನು ತಡೆದರೆ ಈ ಇಡೀ ಸರಣಿ ಕುಸಿಯುತ್ತದೆಂದು ಲಂಡನ್ನಿನ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ ತೊಂಬತ್ತರ ದಶಕದಲ್ಲಿ ತೋರಿಸಿದರು. ಅವರ ಕೆಲಸದಿಂದ ಬಂದ ಔಷಧಗಳು ಲಕ್ಷಾಂತರ ಜನರ ಕೈಕಾಲುಗಳನ್ನು ಉಳಿಸಿವೆ. ಆದರೆ ಕ್ಷಯದ ರೋಗಾಣುವನ್ನು ಶ್ವಾಸಕೋಶದಲ್ಲಿ ಗೋಡೆ ಕಟ್ಟಿ ಬಂಧಿಸಿಡುವುದೂ ಟಿಎನ್‌ಎಫ್ ಆದ್ದರಿಂದ, ಈ ಔಷಧ ಆರಂಭಿಸುವ ಮೊದಲು ಅಡಗಿರುವ ಕ್ಷಯಕ್ಕೆ ಪರೀಕ್ಷೆ ಮಾಡಲೇಬೇಕು. ನಮ್ಮ ದೇಶದಲ್ಲಂತೂ ಈ ಪರೀಕ್ಷೆಯನ್ನು ಬಿಡುವಂತೆಯೇ ಇಲ್ಲ.

ಸಂಧಿವಾತದಲ್ಲಿ ವಂಶವಾಹಿ ಮತ್ತು ಬದುಕಿನ ರೀತಿ ಹೇಗೆ ಕೈಜೋಡಿಸುತ್ತವೆ ಎಂಬುದಕ್ಕೆ ಹೊಗೆಯ ಉದಾಹರಣೆಗಿಂತ ಚೆನ್ನಾದುದು ಸಿಗಲಿಕ್ಕಿಲ್ಲ. ಆರನೇ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ವಂಶವಾಹಿಯ ಕೆಲವು ರೂಪಗಳು ಈ ರೋಗಿಗಳಲ್ಲಿ ಹೆಚ್ಚಾಗಿ ಕಾಣುತ್ತವೆ. ತಂಬಾಕಿನ ಹೊಗೆ ಶ್ವಾಸಕೋಶದ ಪ್ರೋಟೀನ್‌ಗಳಲ್ಲಿ ಸಿಟ್ರುಲಿನೀಕರಣ ಎಂಬ ಸಣ್ಣ ರಾಸಾಯನಿಕ ಬದಲಾವಣೆಯನ್ನು ಹೆಚ್ಚಿಸುತ್ತದೆ; ಹಾಗೆ ಬದಲಾದ ಪ್ರೋಟೀನಿನ ತುಣುಕುಗಳನ್ನು ಆ ಡಿಆರ್‌ಬಿ1 ರೂಪಗಳು ಬಿಗಿಯಾಗಿ ಹಿಡಿದು ರೋಗನಿರೋಧಕ ವ್ಯವಸ್ಥೆಯ ಮುಂದಿಡುತ್ತವೆ. ಸ್ವೀಡನ್ನಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಂಥ ರೂಪದ ಎರಡು ಪ್ರತಿಗಳಿದ್ದು ಧೂಮಪಾನವನ್ನೂ ಮಾಡುವವರಲ್ಲಿ ಹಾಗೆ ಬದಲಾದ ಪ್ರೋಟೀನ್‌ಗಳ ವಿರುದ್ಧ ಪ್ರತಿಕಾಯಗಳಿರುವ ಸಂಧಿವಾತದ ಅಪಾಯ, ಎರಡೂ ಇಲ್ಲದವರಿಗಿಂತ 21 ಪಟ್ಟು. ಬೀಡಿ ಕಟ್ಟುವುದು ಎಷ್ಟೋ ಮನೆಗಳ ಜೀವನಾಧಾರವಾಗಿರುವ ಜಿಲ್ಲೆಗಳಲ್ಲಿ ಬೀಡಿಯ ಹೊಗೆಯನ್ನು ಕೇವಲ ಶ್ವಾಸಕೋಶದ ವಿಷಯವೆಂದು ಭಾವಿಸುವುದು ಸರಿಯಲ್ಲ.

ಮೂರನೆಯದು, ನೋವೂ ಇಲ್ಲದ, ಜ್ವರವೂ ಇಲ್ಲದ, ರಕ್ತಪರೀಕ್ಷೆಯಲ್ಲಿ ಮಾತ್ರ ಸುಳಿವು ಕೊಡುವ ಕಡಿಮೆ ಮಟ್ಟದ ಉರಿಯೂತ. ಬೊಜ್ಜಿರುವ ಇಲಿಗಳ ಕೊಬ್ಬಿನ ಅಂಗಾಂಶ ಟಿಎನ್‌ಎಫ್ ಸ್ರವಿಸುತ್ತದೆ ಮತ್ತು ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡಿಪಡಿಸುತ್ತದೆ ಎಂದು ಗೋಖಾನ್ ಹೋಟಮಿಸ್ಲಿಗಿಲ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದರು. ಹೊಟ್ಟೆಯೊಳಗಿನ ಕೊಬ್ಬಿನ ಕೋಶಗಳು ಉಬ್ಬಿ ಸಾಯತೊಡಗಿದಾಗ ಮ್ಯಾಕ್ರೋಫೇಜ್‌ಗಳು ಅವುಗಳನ್ನು ಬಳೆಯಂತೆ ಸುತ್ತುವರಿದು ನಿಲ್ಲುತ್ತವೆ. ಭಾರತೀಯರಲ್ಲಿ ಇದು ಬೊಜ್ಜು ಕಣ್ಣಿಗೆ ಕಾಣುವ ಮೊದಲೇ ಆರಂಭವಾಗಬಹುದು. ಒಂದೇ ತೂಕ, ಒಂದೇ ಎತ್ತರದ ಯುರೋಪಿಯನ್ನರಿಗೆ ಹೋಲಿಸಿದರೆ ನಮ್ಮಲ್ಲಿ ಒಳಕೊಬ್ಬಿನ ಪಾಲು ಹೆಚ್ಚೆಂದು ಪುಣೆಯ ಸಿ. ಎಸ್. ಯಾಜ್ಞಿಕ್ ಅವರಂಥ ಸಂಶೋಧಕರು ತೋರಿಸಿದ್ದಾರೆ.

ಇಲ್ಲಿ, ಉರಿಯೂತವಿದ್ದಾಗ ರಕ್ತದಲ್ಲಿ ಹೆಚ್ಚುವ ಸಿಆರ್‌ಪಿ ಎಂಬ ಪ್ರೋಟೀನಿನ ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಆರೋಗ್ಯ ತಪಾಸಣೆಯ ಪ್ಯಾಕೇಜುಗಳಲ್ಲಿ ಈಗ ಅದು ಸೇರಿಕೊಂಡಿದೆ ಮತ್ತು ವರದಿ ಹಿಡಿದು ಗಾಬರಿಯಾಗಿ ಬರುವವರನ್ನು ನೋಡಿದಾಗ ನನಗೆ ನೋವಾಗುತ್ತದೆ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಕಂಡುಹಿಡಿದ ಈ ಪ್ರೋಟೀನನ್ನು, ಇಂಟರ್‌ಲ್ಯೂಕಿನ್-6ರ ಆಜ್ಞೆಯಂತೆ ಯಕೃತ್ತು ತಯಾರಿಸುತ್ತದೆ. ಹೃದಯದ ದೃಷ್ಟಿಯಿಂದ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಕಡಿಮೆ ಅಪಾಯ, 3ಕ್ಕಿಂತ ಹೆಚ್ಚಿದ್ದರೆ ಹೆಚ್ಚು ಅಪಾಯ ಎಂದು ಎಣಿಸುವ ರೂಢಿಯಿದೆ. ಆದರೆ ಒಂದು ನೆಗಡಿ, ಹಲ್ಲಿನ ವಸಡಿನ ಸೋಂಕು ಕೂಡ ಅದನ್ನು ಏರಿಸಬಲ್ಲದು. ಹಾಗಾದರೆ ಸಿಆರ್‌ಪಿಯೇ ಹೃದಯಕ್ಕೆ ಹಾನಿ ಮಾಡುತ್ತದೆಯೇ? ಇದಕ್ಕೆ ತಳಿಶಾಸ್ತ್ರ ಚೊಕ್ಕವಾದ ಉತ್ತರ ಕೊಟ್ಟಿದೆ. ಸಿಆರ್‌ಪಿ ವಂಶವಾಹಿಯ ಕೆಲವು ರೂಪಗಳನ್ನು ಪಡೆದು ಹುಟ್ಟಿದವರಲ್ಲಿ ಜೀವನವಿಡೀ ಆ ಪ್ರೋಟೀನ್ ತುಸು ಹೆಚ್ಚಿರುತ್ತದೆ. ಅದೇ ಅಪರಾಧಿಯಾಗಿದ್ದರೆ ಅವರಲ್ಲಿ ಹೃದಯಾಘಾತವೂ ಹೆಚ್ಚಬೇಕಿತ್ತು, ಹೆಚ್ಚಲಿಲ್ಲ. ಇನ್ನೊಂದೆಡೆ, ಇಂಟರ್‌ಲ್ಯೂಕಿನ್-6ರ ಗ್ರಾಹಕದ ವಂಶವಾಹಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಅದರ ಸಂದೇಶ ಕುಂದಿರುವವರಲ್ಲಿ ಹೃದಯದ ಕಾಯಿಲೆ ಕಡಿಮೆಯೆಂದು 2012ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನಗಳು ತೋರಿಸಿದವು. ಹುಟ್ಟುವಾಗಲೇ ಪ್ರಕೃತಿ ಚೀಟಿ ಎತ್ತಿ ಜನರನ್ನು ಎರಡು ಗುಂಪು ಮಾಡಿದ ಈ ಪ್ರಯೋಗದಿಂದ, ಸಿಆರ್‌ಪಿ ಸುದ್ದಿ ತರುವುದಷ್ಟೇ ಹೊರತು ಹಾನಿ ಅದಕ್ಕೆ ಆಜ್ಞೆ ಕೊಡುವ ಮೇಲಿನ ಹಂತದಿಂದ ಬರುತ್ತದೆಂದು ತಿಳಿಯಿತು. 2017ರಲ್ಲಿ ಪಾಲ್ ರಿಡ್ಕರ್ ನೇತೃತ್ವದ ತಂಡ, ಹಿಂದೆ ಹೃದಯಾಘಾತವಾಗಿದ್ದ 10,061 ಜನರಲ್ಲಿ ಇಂಟರ್‌ಲ್ಯೂಕಿನ್-1ನ್ನು ತಡೆಯುವ ಔಷಧ ಪರೀಕ್ಷಿಸಿದಾಗ, ಕೊಲೆಸ್ಟ್ರಾಲ್ ಇಳಿಯದಿದ್ದರೂ 150 ಮಿಲಿಗ್ರಾಂ ಪಡೆದವರಲ್ಲಿ ಮತ್ತೆ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಶೇಕಡ 15ರಷ್ಟು ಕಡಿಮೆಯಾದವು. ಆದರೆ ಮಾರಕ ಸೋಂಕುಗಳು ಹೆಚ್ಚಿದವು. ಉರಿಯೂತದ ಚಿಕಿತ್ಸೆಯಲ್ಲಿ ಈ ಎರಡನೆಯ ಲೆಕ್ಕವನ್ನು ಯಾವಾಗಲೂ ಇಟ್ಟುಕೊಂಡಿರಬೇಕಾಗುತ್ತದೆ.

ಇನ್ನು ವಂಶವಾಹಿಗಳ ವಿಷಯವನ್ನೇ ನೇರವಾಗಿ ತೆಗೆದುಕೊಳ್ಳೋಣ. ಒಂದೇ ವಂಶವಾಹಿ ಕೆಟ್ಟು ಉರಿಯೂತದ ತಡೆ ತಪ್ಪುವ ಅಪರೂಪದ ಕಾಯಿಲೆಗಳಿವೆ. ಕೌಟುಂಬಿಕ ಮೆಡಿಟರೇನಿಯನ್ ಜ್ವರ ಅವುಗಳಲ್ಲಿ ಹೆಸರುವಾಸಿ. ರೋಗಿಗೆ ಆಗಾಗ ಒಂದರಿಂದ ಮೂರು ದಿನ ಜ್ವರ ಮತ್ತು ತೀವ್ರ ಹೊಟ್ಟೆನೋವು ಬಂದು ತಾನಾಗಿ ಇಳಿಯುತ್ತದೆ. ಯಾವ ಸೋಂಕೂ ಇರುವುದಿಲ್ಲ. 1997ರಲ್ಲಿ 16ನೇ ವರ್ಣತಂತುವಿನಲ್ಲಿ ಪತ್ತೆಯಾದ ಇದರ ವಂಶವಾಹಿ ಪೈರಿನ್ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಪೈರಿನ್ ಸುಲಭವಾಗಿ ಕೆರಳಿ ಇಂಟರ್‌ಲ್ಯೂಕಿನ್-1ನ್ನು ಸುರಿಯುವುದೇ ರೋಗ. ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದ ಜನಸಮುದಾಯಗಳಲ್ಲಿ ಇಂಥ ರೂಪಗಳು ಇಷ್ಟು ವ್ಯಾಪಕವಾಗಿರುವುದೇಕೆ ಎಂಬುದಕ್ಕೆ 2020ರಲ್ಲಿ ಒಂದು ಸುಳಿವು ಸಿಕ್ಕಿತು: ಪ್ಲೇಗಿನ ಬ್ಯಾಕ್ಟೀರಿಯಾ ಸಾಮಾನ್ಯ ಪೈರಿನನ್ನು ಅದುಮಿಡಬಲ್ಲದು, ಬದಲಾದ ಪೈರಿನನ್ನು ಅಷ್ಟು ಸುಲಭವಾಗಿ ಅದುಮಲಾರದು. ಅಂದರೆ ಇಂದು ಜ್ವರ ತರುವ ರೂಪವೇ ಹಿಂದೊಮ್ಮೆ ಪ್ಲೇಗಿನಿಂದ ಪೂರ್ವಜರನ್ನು ಉಳಿಸಿರಬಹುದು.

ಇದೇ ಬಗೆಯ ಕಥೆ ನಮಗೆ ಇನ್ನೂ ಹತ್ತಿರದಲ್ಲಿದೆ. 2001ರಲ್ಲಿ, ಬ್ಯಾಕ್ಟೀರಿಯಾದ ತುಣುಕನ್ನು ಗುರುತಿಸಲು ನೆರವಾಗುವ ಎನ್‌ಒಡಿ2 ಎಂಬ ವಂಶವಾಹಿಯ ಕೆಲವು ರೂಪಗಳಿಗೂ ಕ್ರೋನ್ಸ್ ಎಂಬ ಕರುಳಿನ ಉರಿಯೂತಕ್ಕೂ ಯುರೋಪಿಯನ್ನರಲ್ಲಿ ಸಂಬಂಧ ಕಂಡುಬಂತು. 2009ರಲ್ಲಿ ಚೀನಾದ ಕುಷ್ಠರೋಗಿಗಳನ್ನು ಅಧ್ಯಯನ ಮಾಡಿದವರು, ಅದೇ ಎನ್‌ಒಡಿ2 ಮತ್ತು ಅದರ ಜೊತೆಗೆ ಕೆಲಸ ಮಾಡುವ ವಂಶವಾಹಿಗಳು ಕುಷ್ಠ ತಗಲುವ ಸಾಧ್ಯತೆಯನ್ನು ಪ್ರಭಾವಿಸುತ್ತವೆಂದು ಕಂಡರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಆರಂಭಿಸಿದ ಔಷಧಾಲಯ ಕುಷ್ಠರೋಗಿಗಳ ಆರೈಕೆಯ ಕೇಂದ್ರವಾಗಿಯೂ ಬೆಳೆಯಿತೆಂಬುದು ಇಲ್ಲಿನ ಹಿರಿಯರಿಗೆ ಗೊತ್ತು. ಆ ರೋಗದಲ್ಲಿ ನರಗಳು ಹಾಳಾಗುವುದಕ್ಕೆ ಬ್ಯಾಕ್ಟೀರಿಯಾದಷ್ಟೇ ದೇಹದ ಉರಿಯೂತವೂ ಕಾರಣ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು: ಯುರೋಪಿನಲ್ಲಿ ಕ್ರೋನ್ಸ್ ಕಾಯಿಲೆಯೊಂದಿಗೆ ತಳಕು ಹಾಕಿಕೊಂಡಿರುವ ಆ ಮೂರು ಪ್ರಸಿದ್ಧ ಎನ್‌ಒಡಿ2 ರೂಪಗಳು ಭಾರತೀಯರಲ್ಲಿ ವಿರಳ. ಬೇರೆಯವರ ದತ್ತಾಂಶದಿಂದ ತಯಾರಾದ ತಳಿಪರೀಕ್ಷೆಯನ್ನು ನಮ್ಮವರ ಮೇಲೆ ಹಾಗೆಯೇ ಹೇರಿದರೆ ತಪ್ಪು ಧೈರ್ಯವನ್ನೋ ತಪ್ಪು ಭಯವನ್ನೋ ಹಂಚಿದಂತಾಗುತ್ತದೆ. ನಮ್ಮ ಜನರ ಮೇಲೆಯೇ ಅಧ್ಯಯನಗಳು ಹೆಚ್ಚಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಅಂಥ ಅಧ್ಯಯನದ ಬೆಲೆ ಏನೆಂಬುದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆಯಿದೆ. ಮೂರರಿಂದ ಎಂಟು ವರ್ಷದ ಮಗುವಿನ ಬೆರಳುಗಂಟುಗಳು ದಪ್ಪವಾಗಿ ಬಿಗಿಯತೊಡಗಿದರೆ ಯಾರಿಗಾದರೂ ಮೊದಲು ಹೊಳೆಯುವುದು ಮಕ್ಕಳ ಸಂಧಿವಾತ. ಆದರೆ ಡಬ್ಲ್ಯುಐಎಸ್‌ಪಿ3 ಎಂಬ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿರುವ ಮಕ್ಕಳಲ್ಲಿ ಉರಿಯೂತವೇ ಇಲ್ಲದೆ ಮೃದ್ವಸ್ಥಿ ಸವೆದು ಇದೇ ರೂಪ ಕಾಣಿಸಿಕೊಳ್ಳುತ್ತದೆ. ಉರಿಯೂತವನ್ನು ಸೂಚಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಎರಡೂ ಸಾಮಾನ್ಯವಾಗಿರುತ್ತವೆ. ರಕ್ತಸಂಬಂಧದಲ್ಲಿ ಮದುವೆಯಾದ ದಂಪತಿಗಳ ಮಕ್ಕಳಲ್ಲಿ ಇದರ ಸಾಧ್ಯತೆ ಹೆಚ್ಚು. ಭಾರತದ ಇಂಥ ಕುಟುಂಬಗಳ ವಂಶವಾಹಿಗಳನ್ನು ಪರಿಶೀಲಿಸಿದವರಲ್ಲಿ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ತಳಿವೈದ್ಯರೂ ಇದ್ದಾರೆ. ರೋಗ ಸರಿಯಾಗಿ ಗೊತ್ತಾದರೆ ಮಗುವಿಗೆ ವರ್ಷಗಟ್ಟಲೆ ವೃಥಾ ಸ್ಟೀರಾಯ್ಡ್ ಕೊಡುವುದು ತಪ್ಪುತ್ತದೆ.

ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಬರುವ ಉರಿಯೂತದ ಕಾಯಿಲೆಗಳಲ್ಲಿ ಒಂದು ವಂಶವಾಹಿಯ ಮೇಲೆ ಬೆರಳು ತೋರಿಸಲಾಗುವುದಿಲ್ಲ. ಮಳೆ ಮುಗಿದ ಮೇಲೆ ನಮ್ಮ ತೋಡುಗಳ ಕಿಂಡಿ ಅಣೆಕಟ್ಟುಗಳಿಗೆ ಹಲಗೆಗಳನ್ನು ಒಂದೊಂದಾಗಿ ಇಳಿಸುವುದನ್ನು ನೀವು ನೋಡಿದ್ದೀರಿ. ಒಂದು ಹಲಗೆ ಕಡಿಮೆಯಾದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹತ್ತಾರು ಹಲಗೆಗಳ ಒಟ್ಟು ಎತ್ತರ ಮತ್ತು ಮೇಲಿನಿಂದ ಹರಿದುಬರುವ ನೀರು ಇವೆರಡೂ ಸೇರಿ ನೀರು ಉಕ್ಕುವುದೋ ಇಲ್ಲವೋ ಎಂದು ನಿರ್ಧಾರವಾಗುತ್ತದೆ. ಎಚ್‌ಎಲ್‌ಎ-ಬಿ27ರಂಥ ಬಲವಾದ ವಂಶವಾಹಿ ಕೂಡ ಈ ಮಾತಿಗೆ ಹೊರತಲ್ಲ. ಬೆನ್ನುಮೂಳೆಯನ್ನು ಬಿಗಿಯಾಗಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ರೋಗಿಗಳ ಪೈಕಿ ಬಹುಪಾಲು ಜನರಲ್ಲಿ ಅದಿದೆಯೆಂದು 1973ರಲ್ಲಿಯೇ ಗೊತ್ತಾಯಿತು. ಆದರೂ ಅದನ್ನು ಪಡೆದು ಹುಟ್ಟಿದ ನೂರು ಜನರಲ್ಲಿ ಕೆಲವರಿಗೆ ಮಾತ್ರ ಈ ರೋಗ ಬರುತ್ತದೆ.

ಹುಟ್ಟುವಾಗ ಇಲ್ಲದೆ ಬದುಕಿನ ನಡುವೆ ಬರುವ ವಂಶವಾಹಿ ದೋಷಗಳ ಬಗ್ಗೆ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ತಿಳಿದುಬಂದದ್ದು ನನ್ನನ್ನು ತುಂಬ ಯೋಚನೆಗೆ ಹಚ್ಚಿದೆ. ವಯಸ್ಸಾದಂತೆ ಅಸ್ಥಿಮಜ್ಜೆಯ ಯಾವುದೋ ಒಂದು ಮೂಲಕೋಶದಲ್ಲಿ ಟಿಇಟಿ2 ಅಥವಾ ಡಿಎನ್‌ಎಮ್‌ಟಿ3ಎ ಎಂಬ ವಂಶವಾಹಿ ಕೆಟ್ಟು, ಆ ಕೋಶದ ಸಂತತಿ ರಕ್ತದಲ್ಲಿ ಮೆಲ್ಲನೆ ಹೆಚ್ಚುತ್ತದೆ. 70 ದಾಟಿದವರಲ್ಲಿ ಹತ್ತರಲ್ಲೊಬ್ಬರಿಗಾದರೂ ಇದು ಇರುತ್ತದೆ. ಟಿಇಟಿ2 ಕೆಟ್ಟ ಮ್ಯಾಕ್ರೋಫೇಜ್‌ಗಳು ಇಂಟರ್‌ಲ್ಯೂಕಿನ್-1ನ್ನು ಹೆಚ್ಚಾಗಿ ಸುರಿಸುತ್ತವೆ, ಅಂಥವರಲ್ಲಿ ಹೃದಯಾಘಾತವೂ ಹೆಚ್ಚು. 2020ರಲ್ಲಿ ಅಮೆರಿಕದ ಸಂಶೋಧಕರು, ಕಾರಣ ತಿಳಿಯದ ಜ್ವರ, ಮೃದ್ವಸ್ಥಿಯ ಊತ, ರಕ್ತಹೀನತೆಗಳಿಂದ ಬಳಲುತ್ತಿದ್ದ 25 ಹಿರಿಯ ಪುರುಷರಲ್ಲಿ ಎಕ್ಸ್ ವರ್ಣತಂತುವಿನ ಯುಬಿಎ1 ಎಂಬ ವಂಶವಾಹಿ ರಕ್ತಕೋಶಗಳಲ್ಲಿ ಮಾತ್ರ ಬದಲಾಗಿರುವುದನ್ನು ಕಂಡರು. ವೆಕ್ಸಾಸ್ ಎಂಬ ಹೆಸರು ಪಡೆದ ಆ ರೋಗ ತಂದೆತಾಯಿಯಿಂದ ಬಂದದ್ದೂ ಅಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ.

ಪ್ರಶ್ನೋತ್ತರದ ವೇಳೆ ಹಿರಿಯ ಮಹಿಳೆಯೊಬ್ಬರು ಅರಿಶಿನದ ಬಗ್ಗೆ ಕೇಳಿದರು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಎನ್‌ಎಫ್-ಕಪ್ಪಾ-ಬಿಯನ್ನು ತಗ್ಗಿಸುತ್ತದೆ, ಆದರೆ ಬಾಯಿಯಿಂದ ತೆಗೆದುಕೊಂಡಾಗ ರಕ್ತಕ್ಕೆ ಸೇರುವುದು ಅತ್ಯಲ್ಪ. ಅಡುಗೆಗೆ ಹಾಕುವ ಅರಿಶಿನ ಹಾಗೆಯೇ ಇರಲಿ. ಅದನ್ನು ನಂಬಿ ಸಂಧಿವಾತದ ಔಷಧ ನಿಲ್ಲಿಸುವುದು ಬೇಡವೆಂದು ಹೇಳಿದೆ. ಗಿಡದಿಂದ ಬಂದ ನಿಜವಾದ ಉರಿಯೂತದ ಔಷಧವೆಂದರೆ ಕಾಲ್ಚಿಸಿನ್. ಮೆಡಿಟರೇನಿಯನ್ ಜ್ವರಕ್ಕೆ ಅದು 1972ರಿಂದ ಬಳಕೆಯಲ್ಲಿದೆ. ಹೃದಯದ ರೋಗಿಗಳಿಗೆ ಅದರ 0.5 ಮಿಲಿಗ್ರಾಂ ಮಾತ್ರೆಗೆ ಅಮೆರಿಕ 2023ರಲ್ಲಿ ಅನುಮತಿ ನೀಡಿತು. ಮಳೆಗಾಲದಲ್ಲಿ ನಮ್ಮ ಬೇಲಿಗಳಲ್ಲಿ ಅರಳುವ ಗೌರಿ ಹೂವಿನ ಬಳ್ಳಿಯಲ್ಲಿಯೂ ಇದೇ ವಸ್ತುವಿದೆ. ಅದರ ಗೆಡ್ಡೆಯನ್ನು ಔಷಧವೆಂದು ತಿಂದರೆ ಪ್ರಾಣ ಹೋಗುತ್ತದೆ, ಏಕೆಂದರೆ ಉಪಕಾರ ಮಾಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಇರುವ ಅಂತರ ಬಹಳ ಕಡಿಮೆ.

ಗಂಟುನೋವಿಗೆ ಕೊಡುವ ಹೆಸರಿಲ್ಲದ ಪುಡಿಗಳ ಬಗ್ಗೆಯೂ ಪ್ರಶ್ನೆ ಬಂತು. ಎರಡೇ ದಿನದಲ್ಲಿ ನೋವು ಮಾಯವಾಗಿಸುವ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆಯಿದೆ. ಸ್ಟೀರಾಯ್ಡ್ ಒಳ್ಳೆಯ ಔಷಧವೇ. ಅದನ್ನು ಸಂಧಿವಾತಕ್ಕೆ ಮೊದಲು 1948ರಲ್ಲಿ ಬಳಸಿದ ಫಿಲಿಪ್ ಹೆಂಚ್‌ಗೆ ಎರಡೇ ವರ್ಷಗಳಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆದರೆ ಅಳತೆಯಿಲ್ಲದೆ ತಿಂಗಳುಗಟ್ಟಲೆ ತಿಂದರೆ ಎಲುಬು ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ. ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಈಗಾಗಲೇ ತಿನ್ನುತ್ತಿರುವವರು ತಾವಾಗಿ ನಿಲ್ಲಿಸದೆ, ಆ ಪುಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಬೇಕು.

ಕೊನೆಯ ಪ್ರಶ್ನೆ ಕೇಳಿದವರು ಸ್ವತಃ ಸ್ಪಾಂಡಿಲೈಟಿಸ್ ಇರುವ ತಂದೆ. “ಮಗನಿಗೆ ಈಗಲೇ ಬಿ27 ಪರೀಕ್ಷೆ ಮಾಡಿಸಿಬಿಡಬೇಕಾ ಡಾಕ್ಟ್ರೇ?” ಎಂದು ಕೇಳಿದರು. ತಂದೆಯಲ್ಲಿ ಅದರ ಒಂದು ಪ್ರತಿಯಿದ್ದರೆ ಮಗನಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಕುಟುಂಬದಲ್ಲಿ ರೋಗಿಯಿರುವುದರಿಂದ ಅಂಥ ಮಗನಿಗೆ ಅಪಾಯ ಉಳಿದವರಿಗಿಂತ ಹೆಚ್ಚು ನಿಜ, ಆದರೂ ಹೆಚ್ಚಿನವರಿಗೆ ರೋಗ ಬರುವುದಿಲ್ಲ. ತೊಂದರೆಯೇ ಇಲ್ಲದ ಹುಡುಗನಿಗೆ ಪರೀಕ್ಷೆ ಮಾಡಿಸಿ ಭಯ ಹುಟ್ಟಿಸುವುದರಿಂದ ಪ್ರಯೋಜನವಿಲ್ಲವೆಂದು ಅವರಿಗೆ ಹೇಳಿದೆ. ಹುಡುಗ ಬೆಳೆದ ಮೇಲೆ ಸೊಂಟನೋವು ಮೂರು ತಿಂಗಳು ದಾಟಿದರೆ, ಬೆಳಿಗ್ಗೆ ಎದ್ದಾಗ ಬೆನ್ನು ಅರ್ಧ ಗಂಟೆಗೂ ಹೆಚ್ಚು ಹೊತ್ತು ಹಿಡಿದುಕೊಂಡು ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ, ನಡುರಾತ್ರಿಯ ಬಳಿಕ ನೋವಿನಿಂದ ಎಚ್ಚರವಾಗುತ್ತಿದ್ದರೆ, ಅಥವಾ ಒಂದು ಕಣ್ಣು ಕೆಂಪಾಗಿ ನೋಯುತ್ತ ಬೆಳಕು ಸಹಿಸದಂತಾದರೆ, ಆಗ ತಡಮಾಡದೆ ರುಮಟಾಲಜಿ (ಕೀಲುರೋಗಗಳ) ವೈದ್ಯರಿಗೆ ತೋರಿಸಿ, ಮನೆಯಲ್ಲಿ ಈ ರೋಗವಿದೆ ಎಂಬುದನ್ನು ಮೊದಲ ಮಾತಿನಲ್ಲಿಯೇ ಹೇಳಬೇಕು. ಭಾರ ಎತ್ತಿದ್ದರಿಂದ ಬಂದ ನೋವೆಂದು ಮುಲಾಮು ತಿಕ್ಕುತ್ತ ಎಷ್ಟೋ ಯುವಕರು ಹಲವು ವರ್ಷ ಕಳೆಯುತ್ತಾರೆ. ಎಕ್ಸ್-ರೇಯಲ್ಲಿ ಏನೂ ಕಾಣದ ಆರಂಭದ ಹಂತದಲ್ಲಿಯೇ, ಬೆನ್ನುಮೂಳೆಯ ಬುಡವು ಸೊಂಟದ ಎಲುಬಿಗೆ ಸೇರುವ ಕೀಲಿನ ಉರಿಯೂತವನ್ನು ಎಂಆರ್‌ಐ ತೋರಿಸಬಲ್ಲದು.